ನೆರೆಹೊರೆಯ ಕಣ್ಣು

ಬಾಡಿಗೆ ಮನೆಯ ಕರಾರು ಪತ್ರಕ್ಕೆ ಸಹಿ ಬಿದ್ದೊಡನೆ ಇನ್ನೊಂದು ಕೆಲಸ ಉಳಿದಿರುತ್ತದೆ. ಬಾಡಿಗೆದಾರನ ಹೆಸರು, ಹುಟ್ಟೂರು, ಉದ್ಯೋಗ, ಭಾವಚಿತ್ರ, ಅವನನ್ನು ಬಲ್ಲವರ ವಿಳಾಸ ಇವೆಲ್ಲ ಪೊಲೀಸ್ ಠಾಣೆಗೆ ಹೋಗಬೇಕು. ಅಹಮದಾಬಾದಾಗಲಿ, ವಡೋದರ, ಸೂರತ್ ಆಗಲಿ, ಪೊಲೀಸ್ ಕಮಿಷನರರ ಪ್ರಕಟಣೆಯಂತೆ ಇದು ಮನೆಯ ಮಾಲೀಕನ ಹೊಣೆ. ಬ್ಯಾಂಕು, ಕಾರ್ಖಾನೆ, ಹೋಟೆಲು ಎಂದು ಹುಬ್ಬಳ್ಳಿಯಿಂದಲೋ ಉಡುಪಿಯಿಂದಲೋ ಇಲ್ಲಿಗೆ ಬಂದ ನಮ್ಮಲ್ಲಿ ಬಹುಮಂದಿ ಈ ಫಾರಮು ತುಂಬಿದವರೇ. ಅದರಲ್ಲಿ ಅವಮಾನವೇನಿಲ್ಲ. ಆದರೂ ಅಪರಾಧ ತಡೆಯಲು ನಾಗರಿಕರೂ ಪೊಲೀಸರೂ ಕೈಜೋಡಿಸಬೇಕು ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಆ ಫಾರಮಿನ ನೆನಪಾಗುತ್ತದೆ. ಕೈಜೋಡಿಸುವವರ ಸಾಲಿನಲ್ಲಿ ನಾವಿದ್ದೇವೆಯೋ, ಕಣ್ಣಿಡಬೇಕಾದವರ ಸಾಲಿನಲ್ಲೋ?

ಕಾವಲೆಂಬುದು ಪೊಲೀಸ್ ಇಲಾಖೆಗಿಂತ ಬಹಳ ಹಳೆಯದು. ಅಹಮದಾಬಾದಿನ ಕೋಟೆಯೊಳಗಿನ ಪೋಳ್‌ಗಳನ್ನು ನೋಡಿದವರಿಗೆ ಇದು ಗೊತ್ತು. ಇಕ್ಕಟ್ಟಾದ ಓಣಿ, ಅದಕ್ಕೊಂದು ಹೆಬ್ಬಾಗಿಲು, ಹಿಂದಿನ ಕಾಲದಲ್ಲಿ ರಾತ್ರಿ ಅದನ್ನು ಮುಚ್ಚಿ ಕಾಯುವವನೊಬ್ಬ. ಒಳಗಿನವರೆಲ್ಲ ಪರಸ್ಪರ ಬಲ್ಲವರು. ನಮ್ಮ ಹಳ್ಳಿಗಳ ತಳವಾರನೂ ಇಂಥವನೇ. ಊರಿಗೆ ಯಾರು ಬಂದರು, ಯಾರು ಹೋದರು, ಯಾರ ಮನೆಯಲ್ಲಿ ಜಗಳವೆದ್ದಿದೆ ಎಂಬುದೆಲ್ಲ ಅವನಿಗೆ ತಿಳಿದಿರುತ್ತಿತ್ತು. ಈ ಎರಡೂ ವ್ಯವಸ್ಥೆಗಳ ಬಲ ಪರಿಚಯದಲ್ಲಿತ್ತು. ದೌರ್ಬಲ್ಯವೂ ಅಲ್ಲೇ ಇತ್ತೆನ್ನಬೇಕು. ಪೋಳ್‌ಗಳು ಬಹುಮಟ್ಟಿಗೆ ಒಂದೊಂದು ಜಾತಿಯ, ಒಂದೊಂದು ಕಸುಬಿನ ನೆಲೆಗಳು, ಹೊರಗಿನವನು ಹೊರಗಿನವನೇ.

ಈಗ ಪೋಳ್‌ನ ಬದಲು ಹೌಸಿಂಗ್ ಸೊಸೈಟಿ, ಕಾಯುವವನ ಜೊತೆಗೆ ಕ್ಯಾಮೆರಾ. ಸೂರತ್ತಿನಲ್ಲಿ ಪೊಲೀಸರು 2013ರಲ್ಲಿ ನಾಗರಿಕರ, ಉದ್ಯಮಿಗಳ ನೆರವಿನಿಂದಲೇ ಕ್ಯಾಮೆರಾಗಳ ಜಾಲವೊಂದನ್ನು ಆರಂಭಿಸಿದರು. ಉಪಯುಕ್ತವಾದದ್ದೇ, ಸಂಶಯವಿಲ್ಲ. ಆದರೆ ಕ್ಯಾಮೆರಾ ಕಳವಾದ ಮೇಲೆ ಕಳ್ಳನ ಬೆನ್ನನ್ನು ತೋರಿಸೀತೇ ಹೊರತು, ಎರಡು ಓಣಿಗಳ ನಡುವೆ ಹೊಗೆಯಾಡುತ್ತಿರುವ ಮನಸ್ತಾಪವನ್ನು ತೋರಿಸಲಾರದು.

ಅದನ್ನು ಕಾಣಬಲ್ಲ ಕಣ್ಣು ಬೇರೆಯೇ. ಸೂರತ್ತಿನ ಜೊತೆ ಮಹಾರಾಷ್ಟ್ರದ ಭಿವಂಡಿಯನ್ನು ಇಟ್ಟು ನೋಡಿ. ಎರಡೂ ವಿದ್ಯುತ್ ಮಗ್ಗಗಳ ಊರುಗಳು. ಸೂರತ್ತಿನ ಮಗ್ಗಗಳಿಗೆ ಒಡಿಶಾದ ಗಂಜಾಂ ಜಿಲ್ಲೆಯಿಂದ, ಭಿವಂಡಿಗೆ ಉತ್ತರ ಪ್ರದೇಶ, ತೆಲಂಗಾಣಗಳಿಂದ ದುಡಿಯಲು ಬಂದವರು ಅಸಂಖ್ಯ. ಭಿವಂಡಿ 1970ರಲ್ಲೂ 1984ರಲ್ಲೂ ಕೋಮುಗಲಭೆಯಲ್ಲಿ ಬೆಂದ ಊರು. 1988ರಲ್ಲಿ ಅಲ್ಲಿಗೆ ಡೆಪ್ಯುಟಿ ಕಮಿಷನರಾಗಿ ಬಂದ ಸುರೇಶ್ ಖೋಪಡೆಯವರು ಓಣಿ ಓಣಿಯಲ್ಲೂ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಎರಡೂ ಧರ್ಮಗಳ ಸಾಮಾನ್ಯ ನಿವಾಸಿಗಳು, ಜೊತೆಗೆ ಆ ಭಾಗದ ಪೊಲೀಸರು ಒಂದೆಡೆ ಕುಳಿತು ನೆರೆಹೊರೆಯ ತಂಟೆಗಳನ್ನು ಮಾತಾಡುವ ಪದ್ಧತಿ ಬಂತು. ಗಲಭೆಯಾದ ಮೇಲೆ ಮುಖಂಡರನ್ನು ಕರೆಸಿ ಶಾಂತಿಸಭೆ ನಡೆಸುವುದಕ್ಕೂ ಇದಕ್ಕೂ ಅಜಗಜಾಂತರ. 1992ರ ಡಿಸೆಂಬರಿನಲ್ಲಿ ಬಾಬ್ರಿ ಮಸೀದಿ ಉರುಳಿದಾಗ ಸೂರತ್ ಭೀಕರ ಹಿಂಸೆಯನ್ನು ಕಂಡಿತು, ಪಕ್ಕದ ಮುಂಬಯಿ ಹೊತ್ತಿ ಉರಿಯಿತು, ಭಿವಂಡಿ ಶಾಂತವಾಗಿತ್ತು. ಸಮಿತಿಯೊಂದರಿಂದಲೇ ಹೀಗಾಯಿತೆಂದು ಲೆಕ್ಕ ಹಾಕಿ ಸಾಧಿಸುವುದು ಕಷ್ಟ. ಆದರೆ ಪೇದೆಯ ಮುಖಪರಿಚಯವಿರುವ ಓಣಿಗೂ, ಲಾಠಿಯ ಪರಿಚಯ ಮಾತ್ರ ಇರುವ ಓಣಿಗೂ ಇರುವ ಅಂತರ ಸಣ್ಣದಲ್ಲ.

ಇನ್ನು ನಮ್ಮನ್ನು ಕಾಡುವ ನೈತಿಕ ಪ್ರಶ್ನೆಗೆ ಬರೋಣ. ನೆರೆಯವನ ವಿಷಯವನ್ನು ಪೊಲೀಸರಿಗೆ ತಿಳಿಸುವುದು ಕರ್ತವ್ಯವೋ, ಚಾಡಿಯೋ? ಊರ ಉಸಾಬರಿ ನಮಗೇಕೆ ಎನ್ನುವವರು ಒಂದು ಕಡೆ. ಹಾದುಹೋಗುವ ಅಪರಿಚಿತನಲ್ಲೆಲ್ಲ ಕಳ್ಳನನ್ನು ಕಾಣುವವರು ಇನ್ನೊಂದು ಕಡೆ. ಕಣ್ಣಾರೆ ಕಂಡ ಕೃತ್ಯವನ್ನು ತಿಳಿಸುವುದು ದೂರು. ಮುಖ, ಭಾಷೆ, ಉಡುಪು ಕಂಡು ತಿಳಿಸುವುದು ಚಾಡಿ ಎಂಬುದು ನಮ್ಮ ಎಣಿಕೆ. ಮೊದಲಿನವರು ಬಾಯಿ ಬಿಡದಿರುವುದರಿಂದ ಪಕ್ಕದ ಮನೆಯ ಹೆಂಗಸು ದಿನವೂ ಹೊಡೆತ ತಿನ್ನುತ್ತಾಳೆ. ಎರಡನೆಯವರು ಮಾಡಬಲ್ಲದ್ದು 2018ರಲ್ಲಿ ದೇಶಕ್ಕೇ ಗೊತ್ತಾಯಿತು.

ಆ ವರ್ಷ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಗುಂಪು ಬಡಿದು ಕೊಂದಿತು. ಜೂನ್ 26ರಂದು ಅಹಮದಾಬಾದಿನ ವಾಡಜ್‌ನಲ್ಲಿ ಭಿಕ್ಷೆ ಬೇಡಿ ಬದುಕುತ್ತಿದ್ದ ಹೆಂಗಸೊಬ್ಬಳ ಗತಿ ಹಾಗೇ ಆಯಿತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಇಂಜಿನಿಯರೊಬ್ಬ ಬಲಿಯಾದ. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ಸಂಶಯಕ್ಕೆ ಮೂಲ. ಬಿಡಿಸಲು ಹೋದ ಪೊಲೀಸರಿಗೂ ಗಾಯಗಳಾದವು. ಕೊಂದವರು ಕಸುಬಿನ ಕೊಲೆಗಡುಕರಲ್ಲ. ತಮ್ಮ ಮಕ್ಕಳನ್ನು ಕಾಯುತ್ತಿದ್ದೇವೆಂದು ನಂಬಿದ್ದ ನೆರೆಹೊರೆಯವರು. ಅದೇ ವರ್ಷ ಉತ್ತರ ಗುಜರಾತಿನಲ್ಲಿ ಮಗುವೊಂದರ ಮೇಲೆ ನಡೆದ ಅತ್ಯಾಚಾರದ ಪ್ರಕರಣದಲ್ಲಿ ಬಿಹಾರದವನೊಬ್ಬನ ಬಂಧನವಾದಾಗ, ಅವನ ಹೆಸರನ್ನೇ ಕೇಳದಿದ್ದ ಸಾವಿರಾರು ಹಿಂದೀ ಭಾಷಿಕ ಕೂಲಿಗಳು ಹೆದರಿ ಗುಜರಾತ್ ಬಿಟ್ಟು ಹೊರಟರು.

ಈ ದೋಷ ಜನರದೊಂದೇ ಅಲ್ಲ. ಸರ್ಕಾರವೇ ಕಾನೂನು ಮಾಡಿ ಅದನ್ನು ಕಲಿಸಿಕೊಟ್ಟಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಡೀ ಇಡೀ ಸಮುದಾಯಗಳನ್ನು ಹುಟ್ಟುಗಳ್ಳರೆಂದು ದಾಖಲಿಸಿತು. ಹಳೆಯ ಮುಂಬಯಿ ಪ್ರಾಂತದಲ್ಲಿ ಅಂಥವರನ್ನು ಕೂಡಿಹಾಕಲು ಹುಬ್ಬಳ್ಳಿಯಲ್ಲೂ ಅಹಮದಾಬಾದಿನಲ್ಲೂ ವಸಾಹತುಗಳಿದ್ದವು. ಹುಬ್ಬಳ್ಳಿಯ ಸೆಟ್ಲಮೆಂಟ್ ಎಂಬ ಬಡಾವಣೆಯ ಹೆಸರಿನ ಹಿಂದೆ ಇರುವುದು ಆ ಕಥೆಯೇ. ಅಹಮದಾಬಾದಿನ ಛಾರಾನಗರವೂ ಅದರ ಕೂಸು. 1952ರಲ್ಲಿ ಕಾಯಿದೆ ಹೋಯಿತು, ಕಳಂಕ ಹೋಗಲಿಲ್ಲ. ಛಾರಾನಗರದ ಯುವಕರು 1998ರಲ್ಲಿ ಬುಧನ್ ಥಿಯೇಟರ್ ಎಂಬ ನಾಟಕ ತಂಡವನ್ನು ಕಟ್ಟಿ, ತಮ್ಮನ್ನು ಮನುಷ್ಯರೆಂದು ಕಾಣಿರೆಂದು ಊರೂರಿಗೆ ಹೇಳಬೇಕಾಯಿತು.

ಹಾಗೆಂದು ಪೊಲೀಸರಿಂದ ದೂರವಿರುವುದೇ ಲೇಸೆಂದು ಯಾರೂ ತಿಳಿಯಬಾರದು. ಶೋಧನೆ ನಡೆಸುವಾಗ ಆ ಪ್ರದೇಶದ ಇಬ್ಬರು ಸಂಭಾವಿತರ ಸಮಕ್ಷಮ ನಡೆಸಬೇಕೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯೂ ಅದನ್ನೇ ಹೇಳುತ್ತದೆ. ಪಂಚನಾಮೆಗೆ ಬನ್ನಿರೆಂದರೆ ಸಂಭಾವಿತರೆಲ್ಲ ಬಾಗಿಲು ಹಾಕಿಕೊಳ್ಳುತ್ತಾರೆ. ಕೋರ್ಟಿಗೆ ಅಲೆಯುವುದು ಯಾರಿಗೆ ಬೇಕು? ಕೊನೆಗೆ ಠಾಣೆಯ ಸುತ್ತ ಸುಳಿದಾಡುವ ಅದೇ ಇಬ್ಬರು ಹತ್ತಾರು ಪ್ರಕರಣಗಳಿಗೆ ಪಂಚರಾಗುತ್ತಾರೆ. ವಕೀಲರ ಸವಾಲಿಗೆ ಸಾಕ್ಷ್ಯ ಬಿದ್ದುಹೋಗುತ್ತದೆ. ನಿರಪರಾಧಿಯ ಮನೆಯಲ್ಲಿ ಇಲ್ಲದ ಸಾಮಾನು ಸಿಕ್ಕಿತೆಂದು ಬರೆಯದಂತೆ ತಡೆಯಬಲ್ಲವನೂ ಆ ಪಂಚನೇ ಎಂಬುದನ್ನು ನಾವು ಮರೆತಿದ್ದೇವೆ.

ನಮ್ಮ ಮೂರು ನಗರಗಳ ಸೊಸೈಟಿಗಳಲ್ಲಿ ಠಾಣೆಯ ಅಧಿಕಾರಿಗಳನ್ನು ಕರೆಸಿ ಸಭೆ ನಡೆಸುವ ರೂಢಿ ಬೆಳೆಯುತ್ತಿದೆ, ಸಂತೋಷ. ಆದರೆ ಆ ಸಭೆಗೆ ಬರುವವರು ಯಾರು? ಸೊಸೈಟಿಯ ಸದಸ್ಯರು, ಎಂದರೆ ಮನೆಯ ಮಾಲೀಕರು. ಬಾಡಿಗೆದಾರನಿಗೆ ಅಲ್ಲಿ ಕುರ್ಚಿಯಿಲ್ಲ. ಗೇಟಿನಲ್ಲಿ ರಾತ್ರಿಯಿಡೀ ಎದ್ದಿದ್ದು ಎಲ್ಲರಿಗಿಂತ ಹೆಚ್ಚು ಕಂಡಿರುವ ವಾಚ್‌ಮನ್ನು ಚಹಾ ಹಂಚುತ್ತಿರುತ್ತಾನೆ. ಹತ್ತು ಮನೆಗಳ ಒಳಗು ಬಲ್ಲ ಕೆಲಸದಾಕೆಯನ್ನು ಯಾರೂ ಕರೆದಿರುವುದಿಲ್ಲ. ಮಾತು ಮಾತ್ರ ಬಹುಪಾಲು ಈ ಮೂವರನ್ನು ಕುರಿತೇ ನಡೆಯುತ್ತದೆ. ಮುಂದಿನ ಸಭೆಯ ನೋಟೀಸು ಬಂದಾಗ ಈ ಮೂವರಿಗೂ ಕುರ್ಚಿ ಹಾಕಿಸಿರೆಂದು ಕಾರ್ಯದರ್ಶಿಗಳಿಗೆ ಒಂದು ಚೀಟಿ ಬರೆಯುವುದು ನಮ್ಮ ಕೈಯಲ್ಲಿದೆ.