ಮರಿ ಅಂಗಳಕ್ಕೆ ಇಳಿಯುವ ದಿನ


ಇಂದಿನ ಧಮ್ಮ ಚಿಂತನೆ



ವೇರಂಜದ ಬ್ರಾಹ್ಮಣನೊಬ್ಬ ಭಗವಾನ್ ಬುದ್ಧರ ಬಳಿ ಒಂದು ತಕರಾರು ಹೊತ್ತು ಬಂದ. ವಯಸ್ಸಾದ ಬ್ರಾಹ್ಮಣರು ಎದುರಿಗೆ ಬಂದರೂ ನೀವು ಏಳುವುದಿಲ್ಲವಂತೆ, ನಮಸ್ಕರಿಸುವುದಿಲ್ಲವಂತೆ, ಇದು ಸರಿಯೇ ಎಂದು ಕೇಳಿದ. ಬುದ್ಧರು ಕೊಟ್ಟ ಉತ್ತರದಲ್ಲಿ ಒಂದು ಕೋಳಿ ಬರುತ್ತದೆ. ಎಂಟೋ ಹತ್ತೋ ಹನ್ನೆರಡೋ ಮೊಟ್ಟೆಗಳ ಮೇಲೆ ಕೋಳಿ ಕಾವಿಗೆ ಕೂತಿದೆ. ಅವುಗಳಲ್ಲಿ ಮೊದಲು ಚಿಪ್ಪು ಒಡೆದು ಬಂದ ಮರಿ ಹಿರಿಯದೋ ಕಿರಿಯದೋ ಎಂದು ಅವನನ್ನೇ ಕೇಳಿದರು. ಹಿರಿಯದು ಎಂದು ಅವನು ಒಪ್ಪಿದ. ಹಾಗಾದರೆ ಅವಿದ್ಯೆಯ ಚಿಪ್ಪನ್ನು ಮೊದಲು ಒಡೆದವನು ನಾನು ಎಂದರು ಬುದ್ಧರು. ಹುಟ್ಟಿನ ಹಿರಿತನ, ನರೆಗೂದಲಿನ ಹಿರಿತನ ಎರಡೂ ಅಲ್ಲಿಗೆ ಮುಗಿದವು. ಈ ಪ್ರಸಂಗ ವಿನಯ ಪಿಟಕದಲ್ಲೂ ಇದೆ, ಅಂಗುತ್ತರ ನಿಕಾಯದಲ್ಲೂ ಇದೆ.

ಇನ್ನೊಂದು ಸುತ್ತದಲ್ಲಿ ಅದೇ ಕೋಳಿ ಮತ್ತೆ ಬರುತ್ತದೆ. ಅದು ಸರಿಯಾಗಿ ಕಾವು ಕೊಡದೆ, ನನ್ನ ಮರಿಗಳು ಸುಖವಾಗಿ ಹೊರಬರಲಿ ಎಂದು ಎಷ್ಟು ಆಸೆಪಟ್ಟರೂ ಒಂದು ಮರಿಯೂ ಬರುವುದಿಲ್ಲ. ಸರಿಯಾಗಿ ಕಾವು ಕೊಟ್ಟರೆ ಆಸೆಪಡದಿದ್ದರೂ ಮರಿಗಳು ಬರುತ್ತವೆ. ಹರಕೆ ಹೊರುವ ಅಭ್ಯಾಸದಿಂದ ಹೊರಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡೂ ಕಡೆ ಮಾತು ಚಿಪ್ಪು ಒಡೆಯುವಲ್ಲಿಗೆ ನಿಲ್ಲುತ್ತದೆ. ಕೋಳಿ ಸಾಕಿದವರಿಗೆ ಅದು ಮೊದಲ ದಿನ ಮಾತ್ರ ಎಂದು ಗೊತ್ತು. 21 ದಿನದ ಕಾವು ಮುಗಿದು ಮರಿ ಬಂದಾಗ ಅದರ ಮೈಮೇಲೆ ಬರೀ ನವಿರು ಇರುತ್ತದೆ, ಗರಿ ಇರುವುದಿಲ್ಲ. ತನ್ನ ಮೈಯ ಬಿಸಿಯನ್ನು ತಾನೇ ಹಿಡಿದುಕೊಳ್ಳಲು ಅದಕ್ಕೆ ಬರುವುದಿಲ್ಲ.

ಈ ವರ್ಷ ನಾವು ಒಂದು ದಿನದ ಹನ್ನೆರಡು ಗಿರಿರಾಜ ಮರಿ ತಂದೆವು. ತಾಯಿ ಇಲ್ಲದ ಮರಿಗಳು. ರಟ್ಟಿನ ಪೆಟ್ಟಿಗೆಯಲ್ಲಿ ಭತ್ತದ ಹೊಟ್ಟು ಹಾಸಿ ಮೇಲೆ ಬಲ್ಬು ಇಳಿಬಿಟ್ಟೆವು. ನೀರಿನ ತಟ್ಟೆಯಲ್ಲಿ ಬಿದ್ದು ಸಾಯದ ಹಾಗೆ ಬೆಣಚುಕಲ್ಲು ಹಾಕಿದೆವು. ಮೊದಲ ವಾರವೇ ಕೊಕ್ಕರೆ ರೋಗದ ಹನಿ ಹಾಕಿಸಿದೆವು. ಮೊದಲ ವಾರ 35 ಡಿಗ್ರಿ ಆಸುಪಾಸು ಶಾಖ ಬೇಕು, ಆಮೇಲೆ ವಾರ ವಾರಕ್ಕೆ ಇಳಿಸುತ್ತಾ ಬರಬೇಕು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಉಷ್ಣಮಾಪಕ ಇಲ್ಲ. ಬೇಕಾಗಿಯೂ ಇಲ್ಲ. ಮರಿಗಳೆಲ್ಲ ಬಲ್ಬಿನ ಕೆಳಗೆ ಒಂದರ ಮೇಲೊಂದು ಗುಡ್ಡೆ ಬಿದ್ದರೆ ಚಳಿ, ಬಲ್ಬು ಇಳಿಸಬೇಕು. ಮೂಲೆ ಸೇರಿ ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ, ಬಲ್ಬು ಎತ್ತಬೇಕು. ಪೆಟ್ಟಿಗೆ ತುಂಬ ಹರಡಿಕೊಂಡು ನುಚ್ಚು ಹೆಕ್ಕುತ್ತಿದ್ದರೆ ಸರಿಯಾಗಿದೆ. ಕಾಯುವವನು ಮರಿಗಳ ಕಡೆ ನೋಡುತ್ತಿರಬೇಕು, ಅಷ್ಟೆ.

ನಾಲ್ಕು ವಾರ ದಾಟಿತು, ಗರಿ ಬಂತು, ಪೆಟ್ಟಿಗೆ ಇಕ್ಕಟ್ಟಾಯಿತು. ಇಕ್ಕಟ್ಟಾದರೆ ಮರಿಗಳು ಒಂದರ ಬಾಲ ಒಂದು ಕುಕ್ಕಲು ಶುರುಮಾಡುತ್ತವೆ, ರಕ್ತ ಕಂಡರೆ ಎಲ್ಲವೂ ಸೇರಿ ಅದನ್ನೇ ಕುಕ್ಕುತ್ತವೆ. (ಹೊರಗೆ ಹೋಗದೆ ಒಳಗೊಳಗೇ ಪದಾಧಿಕಾರಕ್ಕೆ ಕುಕ್ಕಾಡುವ ನಮ್ಮ ಕೆಲವು ಸಂಘಗಳ ನೆನಪಾದರೆ ಅದಕ್ಕೆ ನಾನು ಹೊಣೆಯಲ್ಲ.) ಒಂದು ದಿನ ಇಬ್ಬನಿ ಆರಿದ ಮೇಲೆ ಪೆಟ್ಟಿಗೆಯನ್ನು ಅಂಗಳದಲ್ಲಿ ಮಗ್ಗುಲಾಗಿಸಿ ಇಟ್ಟೆವು. ಒಂದೂ ಇಳಿಯಲಿಲ್ಲ. ಅಂಚಿನಲ್ಲಿ ಕತ್ತು ಚಾಚಿ ನಿಂತವು. ಮೊಮ್ಮಗ ಕೈ ಹಾಕಿ ತಳ್ಳಲು ಹೋದ. ನಮ್ಮ ಅವ್ವ ಜಗಲಿಯಿಂದಲೇ, "ತಳ್ಳಬ್ಯಾಡ ಕಣ್ಲಾ, ಅವೇ ಬತ್ತವೆ ಬುಡು" ಅಂದಳು. ಒಂದು ಮರಿಗೆ ಇರುವೆ ಕಂಡಿತು, ಇಳಿಯಿತು. ಹಿಂದೆಯೇ ಉಳಿದವು. ಅರ್ಧ ಗಂಟೆಯಲ್ಲಿ ಮಣ್ಣು ಕೆದರಲು ಶುರುಮಾಡಿದವು. ಕೆದರುವುದನ್ನು ಅವಕ್ಕೆ ಯಾರೂ ಕಲಿಸಿರಲಿಲ್ಲ. ಅವ್ವ ಮಾತ್ರ ಕೋಲು ಹಿಡಿದು ಮಧ್ಯಾಹ್ನದವರೆಗೆ ಆಕಾಶ ನೋಡುತ್ತಾ ಕೂತಿದ್ದಳು. ಅಷ್ಟಾದರೂ ಆ ವಾರ ಒಂದು ಮರಿ ಕಾಗೆ ಪಾಲಾಯಿತು. ಹನ್ನೊಂದು ಉಳಿದವು. ಆದರೂ ಮರುದಿನ ಪೆಟ್ಟಿಗೆ ಅಂಗಳಕ್ಕೆ ಬಂತು.

ಸಾಕಿ ತಿನ್ನುವುದಕ್ಕೆ ಇದೇನು ಮೈತ್ರಿ ಎಂದು ಕೆಲವರು ಕೇಳಬಹುದು. ಕೊಲ್ಲಬೇಕಾದ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎಂದು ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಬಿಡಿಸಿಟ್ಟಿದ್ದಾರೆ. ಕರುಣೆ ಮನುಷ್ಯರಿಗೆ ನಿಲ್ಲುತ್ತದೆ, ಮೈತ್ರಿ ಜೀವಿಗಳೆಲ್ಲಕ್ಕೂ ಹರಿಯುತ್ತದೆ ಎಂದೂ ಅಲ್ಲೇ ವಿವರಿಸಿದ್ದಾರೆ. ಆ ಚರ್ಚೆ ಇನ್ನೊಂದು ದಿನಕ್ಕಿರಲಿ. ನನ್ನ ಚಿಂತೆ ಈಗ ನಮ್ಮ ಮನುಷ್ಯ ಮರಿಗಳದು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಚಿಪ್ಪು ಒಡೆದರು. ಆಮೇಲೆ ಬಾಬಾಸಾಹೇಬರು ನಮ್ಮೊಂದಿಗೆ ಇದ್ದದ್ದು 53 ದಿನ. ಕಾವು ಕೊಡುವ ಕೆಲಸ ಆವತ್ತಿನಿಂದ ನಮ್ಮದೇ, ಒಬ್ಬರು ಇನ್ನೊಬ್ಬರಿಗೆ. ಇಂದಿಗೂ ಎಷ್ಟೋ ಊರುಗಳಲ್ಲಿ ದೀಕ್ಷೆಯ ದಿನ ಪೆಂಡಾಲು, ಮೈಕು, ಬಿಳಿಬಟ್ಟೆ ಎಲ್ಲ ಇರುತ್ತದೆ. ಮರುದಿನ ಆ ಮನೆಯ ಕಡೆ ತಿರುಗಿ ನೋಡುವವರಿಲ್ಲ. ಎರಡು ವರ್ಷದ ಮೇಲೆ ಅವರು ಮತ್ತೆ ಮಾರಿಹಬ್ಬಕ್ಕೆ ಹೋದರು ಎಂದು ಬೈಯುವವರು ಮಾತ್ರ ಬೇಕಾದಷ್ಟು.

ವಿಹಾರದಲ್ಲಿ ಕೂತು 22 ಪ್ರತಿಜ್ಞೆ ಹೇಳುವುದು ಪೆಟ್ಟಿಗೆಯೊಳಗಿನ ಬೆಚ್ಚನೆ. ಅಂಗಳ ಎಂದರೆ ಮನೆಯಲ್ಲಿ ಸಾವಾಗುವ ದಿನ. ನಮ್ಮ ಬಳಗದ ಒಬ್ಬ ಹುಡುಗ ದೀಕ್ಷೆ ಪಡೆದು ಎಂಟು ತಿಂಗಳಾಗಿತ್ತು, ತಂದೆ ತೀರಿಕೊಂಡರು. ಶ್ರಾದ್ಧ, ಪಿಂಡ ಬೇಡವೆಂಬ ಪ್ರತಿಜ್ಞೆ ಅವನಿಗೆ ಬಾಯಿಪಾಠ. ಆದರೆ ಎದುರಿಗೆ ಸೋದರತ್ತೆ ಎದೆ ಬಡಿದುಕೊಂಡು, ನಮ್ಮಣ್ಣನಿಗೆ ತಿಥಿ ಇಲ್ಲದ ಹಾಗೆ ಮಾಡ್ತೀಯೇನೋ ಎಂದು ಅಳುತ್ತಿದ್ದಳು. ಅವನು ಫೋನು ಮಾಡಿದ. ನಾಲ್ಕು ಜನ ಹೋದೆವು. ಯಾರೂ ಅತ್ತೆಯೊಂದಿಗೆ ವಾದಕ್ಕೆ ಇಳಿಯಲಿಲ್ಲ. ಇಬ್ಬರು ನೀರು, ಕುರ್ಚಿ ನೋಡಿಕೊಂಡೆವು. ಉಪಾಸಿಕೆಯೊಬ್ಬರು ಅತ್ತೆಯ ಪಕ್ಕ ಕೂತು ಕೈ ಹಿಡಿದುಕೊಂಡರು. ಸಂಜೆಗೆ ಹುಡುಗನೇ ಹೇಳಿದ, "ಅತ್ತೆ, ಅಪ್ಪಂಗೆ ನಾನು ಏನೂ ಕಮ್ಮಿ ಮಾಡಕ್ಕಿಲ್ಲ. ನಂಗೆ ತಿಳಿದ ಹಂಗೆ ಮಾಡ್ತೀನಿ." ತ್ರಿಶರಣ, ಪಂಚಶೀಲ ಹೇಳಿ ಮಣ್ಣು ಮಾಡಿದೆವು. ಅತ್ತೆ ಗುಂಡಿಯ ಬಳಿ ಊದುಬತ್ತಿ ಹಚ್ಚಿ ತೆಂಗಿನಕಾಯಿ ಒಡೆದಳು. ತಡೆಯಬೇಕಿತ್ತು ಎಂದು ಆಮೇಲೆ ಕೆಲವರು ಅಂದರು. ತಡೆಯದೇ ಇದ್ದದ್ದೇ ಸರಿ ಎಂದು ನಾನು ಈಗಲೂ ಹೇಳುತ್ತೇನೆ. ಪ್ರತಿಜ್ಞೆ ಮಾಡಿದ್ದು ಅವನು, ಅವಳಲ್ಲ. ಈಗ ಅತ್ತೆಯ ಮಗಳು ಭಾನುವಾರದ ಓದಿಗೆ ಬರುತ್ತಿದ್ದಾಳೆ.

ಕಳೆದ ಅಕ್ಟೋಬರಿನಲ್ಲಿ ದೀಕ್ಷೆ ಪಡೆದ ಮೂರು ಮನೆಗಳಿಗೆ ನಮ್ಮ ಬಳಗದಿಂದ ಹೋಗುವುದು ಇನ್ನೂ ಬಾಕಿ ಇದೆ. ಅದರಲ್ಲಿ ಒಂದು ಮನೆಯಲ್ಲಿ ಮುಂದಿನ ತಿಂಗಳು ಮದುವೆ. ಬೌದ್ಧ ಪದ್ಧತಿಯಲ್ಲೇ ಎಂದು ಮಗಳು ಹಟ ಹಿಡಿದಿದ್ದಾಳೆ, ಬೀಗರ ಕಡೆಯವರು ಇನ್ನೂ ಒಪ್ಪಿಲ್ಲ. ಈ ಭಾನುವಾರ ಓದು ಮುಗಿದ ಮೇಲೆ ಅಲ್ಲಿಗೆ ಹೋಗೋಣ. ಯಾರು ಬರುತ್ತೀರಿ ಎಂದು ಇಲ್ಲೇ ಗುಂಪಿನಲ್ಲಿ ತಿಳಿಸಿ. ಭಾಷಣಕ್ಕೆ ಜನ ಇದ್ದಾರೆ. ಚಪ್ಪರ ಕಟ್ಟುವುದಕ್ಕೆ, ಅಡುಗೆಗೆ ಕೈ ಹಾಕುವುದಕ್ಕೆ ಬೇಕಾಗಿದ್ದಾರೆ.

ಭವತು ಸಬ್ಬ ಮಂಗಲಂ. ಜೈ ಭೀಮ್.