ಲೆಕ್ಕ ತೀರಿದ ಮೇಲೆ

ಕ್ಷಮೆಯನ್ನು ನಾವು ಪುರಾಣಗಳಲ್ಲಿಯೂ ಸಂತರ ಚರಿತ್ರೆಗಳಲ್ಲಿಯೂ ಹುಡುಕುತ್ತೇವೆ. ಹೆಂಡದಂಗಡಿಯ ಹಾಡುಗಳಲ್ಲಿ ಹುಡುಕುವವರು ಕಡಮೆ. ಆದರೆ ಆರ್ಜೆಂಟೀನಾ ದೇಶದ ಟ್ಯಾಂಗೊ ಹಾಡುಗಳು ಈ ಪ್ರಶ್ನೆಯನ್ನು ಬಿಡದೆ ಕೆಣಕಿವೆ.

ಟ್ಯಾಂಗೊ ಎಂದರೆ ನಮಗೆ ತೋರುವುದು ನೃತ್ಯ. ಅದು ಹಾಡೂ ಹೌದು. 1914ರ ಜನಗಣತಿಯ ವೇಳೆಗೆ ಬ್ಯೂನಸ್ ಐರಿಸ್ ನಗರದ ನಿವಾಸಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಹೊರನಾಡಿನಲ್ಲಿ ಹುಟ್ಟಿದವರು. ಇಟಲಿ, ಸ್ಪೇನುಗಳಿಂದ ಒಂಟಿಯಾಗಿ ಬಂದ ಗಂಡಸರು ಅವರಲ್ಲಿ ಅನೇಕರು. 1917ರಲ್ಲಿ ಕಾರ್ಲೋಸ್ ಗಾರ್ಡೆಲ್ ಹಾಡಿದ 'ನನ್ನ ದುಃಖದ ರಾತ್ರಿ' ಪ್ರಿಯೆ ಬಿಟ್ಟುಹೋದ ಕೋಣೆಯ ಹಾಡು. ಅಲ್ಲಿಂದ ಮುಂದೆ ಬಿಟ್ಟುಹೋದವಳೂ ಉಳಿದುಕೊಂಡವನೂ ಟ್ಯಾಂಗೊವಿನ ನಿತ್ಯಪಾತ್ರಗಳಾದರು.

ಗಾರ್ಡೆಲ್ 1931ರಲ್ಲಿ ಹಾಡಿದ 'ತೋಮೊ ಇ ಓಬ್ಲಿಗೊ' ಎಂಬ ಹಾಡಿನಲ್ಲಿ ಕುಡಿಯುತ್ತ ಕುಳಿತವನೊಬ್ಬ ಜೊತೆಗಾರನಿಗೆ ತನ್ನ ಕತೆ ಹೇಳುತ್ತಾನೆ. ಪ್ರಿಯೆಯನ್ನು ಪರರ ತೋಳಿನಲ್ಲಿ ಕಂಡನಂತೆ; ಆದರೂ ಕೊಲ್ಲಲಿಲ್ಲ. ಹೇಗೆ ತಡೆದುಕೊಂಡೆನೆಂಬುದು ಅವನಿಗೇ ತಿಳಿಯದು. ಇದು ಕ್ಷಮೆಯೆ? ಅಲ್ಲ, ತಡೆದದ್ದು ಕೈ, ಮನಸ್ಸಲ್ಲ. ಆದರೂ ಇದನ್ನು ಹಗುರವಾಗಿ ಕಾಣಬಾರದು. ಕ್ಷಮೆ ಎಂಬ ಮಾತಿಗೆ ತಾಳ್ಮೆ ಎಂಬ ಅರ್ಥವೂ ಉಂಟು. ತಾಳದವನು ಮನ್ನಿಸುವುದೆಂತು?

ಎರಡನೆಯದು ಸೆಲೆದೋನಿಯೊ ಫ್ಲೋರೆಸ್ ಬರೆದ, 1923ರ 'ಮಾನೊ ಅ ಮಾನೊ'. ನನಗೂ ನಿನಗೂ ಸರಿಹೋಯಿತು, ಯಾರೂ ಯಾರಿಗೂ ಸಾಲಗಾರರಲ್ಲ ಎಂಬುದು ಆ ಹೆಸರಿನ ಭಾವ. ಸಿರಿವಂತರ ಸಹವಾಸ ಹಿಡಿದವಳಿಗೆ ಬಡವನಾದ ಹಳೆಯ ಪ್ರಿಯ ಹೇಳುತ್ತಾನೆ: ಪಡೆದ ಉಪಕಾರವೆಲ್ಲ ತೀರಿಸಿದ್ದೇನೆ, ಮರೆತ ಪುಡಿಸಾಲವೇನಾದರೂ ಇದ್ದರೆ ಈಗಿರುವ ಆ ಮಂಕನ ಲೆಕ್ಕಕ್ಕೆ ಬರೆದುಕೊ. ಲೆಕ್ಕ ತೀರಿತೆನ್ನುವವನು ಇನ್ನೂ ಎಣಿಸುತ್ತಲೇ ಇದ್ದಾನೆ! ನಮ್ಮ ಮನೆಗಳಲ್ಲಿಯೂ 'ಆದದ್ದು ಆಗಿಹೋಯಿತು' ಎಂದವರೇ ಇಪ್ಪತ್ತು ವರ್ಷಗಳ ಹಿಂದಿನ ಮಾತನ್ನು ತಾರೀಖು ಸಹಿತ ಒಪ್ಪಿಸುವುದಿಲ್ಲವೆ?

ಹಾಡಿನ ಕೊನೆ ಬೇರೆ. ನೀನು ಮುದುಕಿಯಾಗಿ, ಮುರುಕು ಪೀಠೋಪಕರಣದಂತೆ ಮೂಲೆಗೆ ಬಿದ್ದಾಗ ನೆರವು ಬೇಕಾದರೆ ಈ ಗೆಳೆಯನನ್ನು ನೆನೆ. ಪ್ರಾಣವನ್ನಾದರೂ ಪಣವಿಟ್ಟು ಬಂದೇನು ಎನ್ನುತ್ತಾನೆ. ಇದರಲ್ಲಿ ಮುಳ್ಳಿದೆ. ಅವಳು ಬೀಳಲೆಂದು ಕಾಯುವ ಔದಾರ್ಯ ನಿಧಾನವಾದ ಸೇಡಲ್ಲವೆ? ಮೇಲಾಗಿ, ಬಡತನ ಅವಳಿಗೆ ಯಾವ ದಾರಿ ಉಳಿಸಿತ್ತು ಎಂಬುದನ್ನು ಅವಳ ಬಾಯಿಂದ ನಾವು ಕೇಳುವುದೇ ಇಲ್ಲ.

ಆದರೂ ಈ ಹಾಡನ್ನು ಬರಿಯ ಸೇಡೆಂದು ತಳ್ಳಿಹಾಕಲಾಗದು. ಆರಂಭದಲ್ಲಿಯೇ ಅವನು ಒಪ್ಪಿಕೊಂಡಿದ್ದಾನೆ: ತನ್ನ ಬಡಬಾಳಿಗೆ ಬಂದ ಒಳ್ಳೆಯ ಹೆಣ್ಣು ಅವಳೊಬ್ಬಳೇ, ಅವಳ ಪ್ರೀತಿ ನಿಜವಾಗಿತ್ತು. ಅನಂತರದ ದ್ರೋಹ ಮೊದಲಿನ ಪ್ರೀತಿಯನ್ನು ಸುಳ್ಳು ಮಾಡಲು ಅವನು ಬಿಡಲಿಲ್ಲ. ಕನ್ನಡದ 'ಮನ್ನಿಸು' ಎಂಬ ಮಾತಿಗೆ ಕ್ಷಮಿಸು, ಗೌರವಿಸು ಎಂಬೆರಡು ಅರ್ಥಗಳಿವೆ. ಗೌರವವಿಲ್ಲದ ಕ್ಷಮೆ ಬರಿಯ ಸಾಲಮನ್ನಾ. ಆ ಬಡವ ಪೂರ್ಣವಾಗಿ ಮನ್ನಿಸಿದನೆನ್ನಲಾರೆ. ಆದರೆ ಸಾಲಿಗನಾಗಿ ಮಾತು ತೊಡಗಿದವನು ಗೆಳೆಯನಾಗಿ ಮುಗಿಸಿದ. ನಮ್ಮಲ್ಲಿ ಬಹುಮಂದಿಗೆ ಅಷ್ಟು ದೂರ ನಡೆಯುವುದೂ ಸುಲಭವಲ್ಲ.