ವೃದ್ಧರಿಗೆ ಸಲ್ಲತಕ್ಕ ಸನ್ಮಾನವು ಯಾವದು?



ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯನ್ನು ನಮ್ಮ ಸಭೆಗಳಲ್ಲಿ ಚಿಕ್ಕ ಮಕ್ಕಳು ಸಹ ಬಲ್ಲರು. ಆದರೆ ಸನ್ಮಾನವೆಂದರೇನು? ಸೇಡಮ್, ಚಿತ್ತಾಪುರ, ಚಿಂಚೋಳಿ ಸೀಮೆಗಳ ಯಾವ ಹಳ್ಳಿಗೆ ಹೋದರೂ ಒಳ್ಳೆಯ ಮಗನು ಆಡುವ ಮಾತು ಒಂದೇ: "ಅಪ್ಪಾ, ದುಡಿದದ್ದು ಸಾಕು, ಇನ್ನು ಸುಮ್ಮನೆ ಕೂಡ್ರಿ." ಸೊಸೆಯು ಅತ್ತೆಯ ಕೈಯೊಳಗಿನ ಕೊಡವನ್ನು ತಾನೇ ತೆಗೆದುಕೊಳ್ಳುವಳು, ಮೊಮ್ಮಗನು ನೀರಿನ ತಂಬಿಗೆಯನ್ನು ಮುತ್ಯಾನ ಹೊರಸಿನ ಬಳಿಗೇ ತಂದಿಡುವನು. ಇದು ಪ್ರೀತಿಯ ಕಾರ್ಯವೇ ಸರಿ. ಆದರೂ ಪ್ರೀತಿಯಿಂದ ಮಾಡಿದ್ದೆಲ್ಲಾ ಹಿತವಾಗುವದೋ ಎಂಬದನ್ನು ಸ್ವಲ್ಪ ಆಲೋಚಿಸೋಣ.

ಮನುಷ್ಯನಿಗೆ 30–40 ವರುಷ ದಾಟಿದ ಮೇಲೆ ಅವನ ಮಾಂಸಖಂಡಗಳು ಹತ್ತು ಹತ್ತು ವರುಷಕ್ಕೆ ನೂರಕ್ಕೆ ಸುಮಾರು 3ರಿಂದ 8 ಪಾಲು ಕರಗುತ್ತಾ ಬರುವವು; 60ರ ತರುವಾಯ ಇನ್ನೂ ಬೇಗನೆ ಕರಗುವವು. ಬಲವಾದರೋ ಮಾಂಸಕ್ಕಿಂತಲೂ ಮುಂಚೆ ಕುಂದುವದು. ಯಾಕಂದರೆ ಮಾಂಸಖಂಡಗಳಿಗೆ ಅಪ್ಪಣೆ ಕೊಡುವ ನರಗಳು ಸಹ ಒಂದೊಂದಾಗಿ ಸಾಯುವವು, ತಟ್ಟನೆ ಎಳೆಯುವ ಎಳೆಗಳು ಹೆಚ್ಚಾಗಿ ಕ್ಷಯಿಸುವವು. ಆದಕಾರಣವೇ ಎಡವಿದ ಯೌವನಸ್ಥನು ಸಾವರಿಸಿಕೊಳ್ಳುವ ಸ್ಥಳದಲ್ಲಿ ಮುದುಕನು ಬೀಳುತ್ತಾನೆ. 1989ರಲ್ಲಿ ಅಮೇರಿಕದ ಇರ್ವಿನ್ ರೋಸೆನ್‌ಬರ್ಗ್ ಎಂಬ ವೈದ್ಯರು ಈ ಕುಂದಿಗೆ ಸಾರ್ಕೊಪೀನಿಯಾ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಸಾರ್ಕ್ಸ್ ಅಂದರೆ ಮಾಂಸ, ಪೆನಿಯಾ ಅಂದರೆ ಕೊರತೆ. ಕರ್ತನು ಧರಿಸಿಕೊಂಡ ಶರೀರಕ್ಕೂ ಯೋಹಾನನು ತನ್ನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ಈ ಸಾರ್ಕ್ಸ್ ಎಂಬ ಶಬ್ದವನ್ನೇ ಬರೆದಿದ್ದಾನೆ. ಆದದರಿಂದ ಕುಂದುತ್ತಿರುವ ಈ ಶರೀರವು ಅಲಕ್ಷ್ಯಕ್ಕೆ ಯೋಗ್ಯವಾದದ್ದಲ್ಲ.

ಈ ಕುಂದಿಗೆ ವಯಸ್ಸೊಂದೇ ಕಾರಣವಲ್ಲ. ಸುಮ್ಮನೆ ಕೂಡ್ರುವದೂ ಕಾರಣವಾಗಿದೆ. ಆರೋಗ್ಯವಂತರಾದ ಕೆಲವು ವೃದ್ಧರು ಹತ್ತೇ ದಿವಸ ಹಾಸಿಗೆಯಲ್ಲಿ ಮಲಗಿದ್ದಾಗ ಅವರ ಕಾಲುಗಳ ಮಾಂಸವು ಸರಾಸರಿ ಒಂದು ಕಿಲೋವಿನಷ್ಟು ಕಡಿಮೆಯಾಯಿತೆಂದು 2007ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಿಂದ ತಿಳಿದುಬಂತು. ಇದಕ್ಕೆ ಪ್ರತಿಯಾಗಿ, ಬೋಸ್ಟನ್ ಪಟ್ಟಣದ ವೃದ್ಧಾಶ್ರಮದಲ್ಲಿ 86ರಿಂದ 96 ವರುಷದ ಬಲಹೀನರು ಎಂಟು ವಾರ ಕಾಲುಗಳಿಂದ ಭಾರವನ್ನೆತ್ತುವ ಅಭ್ಯಾಸ ಮಾಡಲಾಗಿ, ಅವರ ಬಲವು ಸರಾಸರಿ ಎರಡು ಪಟ್ಟಿಗೂ ಮಿಗಿಲಾಯಿತೆಂದು 1990ರಲ್ಲಿ ಬರೆಯಲ್ಪಟ್ಟಿತು. ಹಾಗಾದರೆ ನಾವು ಪ್ರೀತಿಯಿಂದ ಹಾಸಿಕೊಟ್ಟ ಹೊರಸೇ ನಮ್ಮ ಹಿರಿಯರ ಬಲವನ್ನು ಕದಿಯುತ್ತಿರಬಹುದು.

ಆದರೆ ಒಬ್ಬನು ಕೇಳಾನು: ಶಹಾಬಾದದ ಗಣಿಯಲ್ಲಿ ಫರ್ಸಿಕಲ್ಲು ಎಬ್ಬಿಸಿ, ವಾಡಿಯಲ್ಲಿ ಸಿಮೆಂಟಿನ ಚೀಲ ಹೊತ್ತು ಸವೆದವನಿಗೆ ವಿಶ್ರಾಂತಿ ಬೇಡವೇ? ಖಂಡಿತವಾಗಿ ಬೇಕು. ಸಬ್ಬತ್ತನ್ನು ನೇಮಿಸಿದ ದೇವರು ದಣಿದವನನ್ನು ದಣಿಸುವವನಲ್ಲ. ಹೊಟ್ಟೆಗೋಸ್ಕರ 70ನೆಯ ವರುಷದಲ್ಲಿ ತಂದೆಯು ಕಲ್ಲು ಹೊರುವದನ್ನು ನೋಡುತ್ತಾ ಸುಮ್ಮನಿರುವ ಮಗನು ಆಜ್ಞೆಯನ್ನು ಮೀರಿದವನೇ. ದುಡಿದರೆ ಬಲ ಬರುವದೆಂದು ಅವನು ಈ ಬರಹವನ್ನು ನೆವಮಾಡದಿರಲಿ. ಭಾರದಿಂದ ಬಿಡುಗಡೆಯು ವೃದ್ಧರಿಗೆ ಸಲ್ಲತಕ್ಕದ್ದು. ಆದರೆ ಎಲ್ಲಾ ಕೆಲಸದಿಂದಲೂ ಅವರನ್ನು ದೂರಮಾಡುವದು ಬಿಡುಗಡೆಯಲ್ಲ.

ಇವೆರಡರ ನಡುವಣ ದಾರಿಯನ್ನು ರೆಫೀದೀಮಿನಲ್ಲಿ ನೋಡುತ್ತೇವೆ. ಅಮಾಲೇಕ್ಯರೊಡನೆ ಯುದ್ಧವಾಗುತ್ತಿರಲು, 80 ವರುಷದ ಮೋಶೆಯ ಕೈಗಳು ಸೋತವು. ಆಗ ಆರೋನನೂ ಹೂರನೂ ಅವನನ್ನು ಡೇರೆಗೆ ಕಳುಹಿಸಲಿಲ್ಲ; ನಿಂತೇ ಇರಬೇಕೆಂದು ಬಲಾತ್ಕರಿಸಲೂ ಇಲ್ಲ. ಒಂದು ಕಲ್ಲನ್ನು ತಂದು ಅದರ ಮೇಲೆ ಕೂಡ್ರಿಸಿ, ಎರಡು ಪಕ್ಕದಲ್ಲಿ ನಿಂತು ಕೈಗಳಿಗೆ ಆಧಾರ ಕೊಟ್ಟರು. ಆಧಾರವು ಅವರದು; ಕೈಗಳೂ ಕೆಲಸವೂ ಮೋಶೆಯವೇ. ಆರೋನನಾದರೋ ಮೋಶೆಗಿಂತ ಮೂರು ವರುಷ ಹಿರಿಯನೆಂಬದನ್ನು ಮರೆಯಬಾರದು.

ನಾವು ಮಾಡತಕ್ಕದ್ದೇನು? ಗೋಡೆಗೆ ಆತುಕೊಂಡ ಕುರ್ಚಿಯ ಮೇಲೆ ಹಿರಿಯರನ್ನು ಕೂಡ್ರಿಸಿ, ಒಬ್ಬರು ಪಕ್ಕದಲ್ಲಿ ನಿಂತಿರಲಾಗಿ, ಅವರು ಕೈ ಊರದೆ ಐದು ಸಲ ಎದ್ದು ಕೂಡ್ರಲಿ. ಇದಕ್ಕೆ 12 ಸೆಕೆಂಡು ಇಲ್ಲವೆ ಹೆಚ್ಚು ಹಿಡಿದರೆ ಅದು ಬಲ ಕುಂದಿದ ಗುರುತೆಂದು ಏಷ್ಯಾ ಖಂಡದ ವೈದ್ಯರು 2019ರಲ್ಲಿ ಗೊತ್ತುಮಾಡಿದರು. ಈ ಏಳುವ ಕೂಡ್ರುವ ಕೆಲಸವೇ ದಿನಾಲು ಮಾಡತಕ್ಕ ಒಳ್ಳೆಯ ಅಭ್ಯಾಸವೂ ಆಗಿದೆ. ಎದೆನೋವು, ತಲೆಸುತ್ತು ಉಳ್ಳವರು ಮೊದಲು ವೈದ್ಯರನ್ನು ಕಾಣಲಿ. ಊಟದ ವಿಷಯದಲ್ಲಿಯೂ ಎಚ್ಚರವಿರಲಿ. 50 ಕಿಲೋ ತೂಕದ ವೃದ್ಧರಿಗೆ ದಿನಕ್ಕೆ 50 ಗ್ರಾಮಿಗೆ ಕಡಿಮೆಯಿಲ್ಲದ ಪ್ರೋಟೀನು ಬೇಕು. 100 ಗ್ರಾಮು ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಮು ಉಂಟು. ಮೂತ್ರಪಿಂಡದ ರೋಗಿಗಳು ಮಾತ್ರ ವೈದ್ಯರನ್ನು ಕೇಳಿ ಉಣ್ಣಬೇಕು. ಊರೂರಿಗೆ ತೊಗರಿ ಕಳುಹಿಸುವ ಈ ಸೀಮೆಯಲ್ಲಿ ಮುತ್ಯಾನ ತಾಟಿಗೆ ತಿಳಿಸಾರಷ್ಟೇ ಬೀಳುವದು ನಮಗೆ ನಾಚಿಕೆಯಲ್ಲವೇ?

ಇಷ್ಟಾದರೂ ಒಂದು ದಿವಸ ಏಳಲಾರದ ಕಾಲವು ಬರುವದು. ಪೇತ್ರನಿಗೂ ಅದು ಬರುವದೆಂದು, ಮತ್ತೊಬ್ಬನು ಅವನ ನಡುಕಟ್ಟುವನೆಂದು, ಕರ್ತನು ತಿಬೇರಿಯ ಸಮುದ್ರದ ದಡದಲ್ಲಿ ಮುಂತಿಳಿಸಿದನು. ಆದರೂ ತನ್ನನ್ನು ಹಿಂಬಾಲಿಸೆಂಬ ಕರೆಯನ್ನು ಅವನಿಂದ ಹಿಂತೆಗೆದುಕೊಳ್ಳಲಿಲ್ಲ. ಮನುಷ್ಯನ ಬೆಲೆಯು ಅವನ ತೋಳಿನಲ್ಲಿಲ್ಲ. ಹಾಸಿಗೆ ಹಿಡಿದವರ ಸೇವೆಯು ನಮ್ಮ ಪಾಲಿನ ಸುವಾರ್ತೆ ಸೇವೆಯೇ.

ಆ ದಿವಸವು ಬರುವ ತನಕ, ತಂಬಿಗೆಯನ್ನು ಹೊರಸಿನ ಬಳಿಗೆ ತರುವ ಮೊಮ್ಮಗನು ನಾಳೆಯಿಂದ ಮುತ್ಯಾನ ಕೈಹಿಡಿದು ಅವನನ್ನೇ ಹರವಿಯ ತನಕ ನಡಿಸಲಿ. ನೀರನ್ನು ಮುತ್ಯಾನೇ ತುಂಬಿಕೊಳ್ಳಲಿ.